ಟರ್ಬೊ ಎಂಜಿನ್ನಿಗೆ ಯಾವ ಸ್ಪಾರ್ಕ್ ಪ್ಲಗ್ಗು?

ಪೆಟ್ರೋಲಿನಿಂದ ನಡೆಯುವ ಮೋಟಾರು ಗಾಡಿಯ ಸಾವಿರಾರು ಬಿಡಿಭಾಗಗಳಲ್ಲಿ ಸ್ಪಾರ್ಕ್ ಪ್ಲಗ್ಗು ತೀರ ಸಣ್ಣದು. ಒಂದು ಬೆರಳಿನಷ್ಟು ಉದ್ದ, ಮೈಗೆ ಬಿಳಿಯ ಪಿಂಗಾಣಿ, ತುದಿಯಲ್ಲಿ ಎರಡು ಲೋಹದ ಕಡ್ಡಿಗಳು, ಆ ಕಡ್ಡಿಗಳ ನಡುವೆ ಸುಮಾರು ಒಂದು ಮಿಲಿಮೀಟರಿನ ತೆರಪು—ಇಷ್ಟೆ ಅದರ ಆಕಾರ. ಎಂಜಿನ್ನಿನ ಬೆಲೆಯೊಡನೆ ಹೋಲಿಸಿದರೆ ಇದರ ಬೆಲೆ ಲೆಕ್ಕಕ್ಕೇ ಬಾರದು. ಆದರೆ ಇದರ ಆಯ್ಕೆಯಲ್ಲಿ ತಪ್ಪಿದರೆ ಗಾಡಿಯು ಏರಿನಲ್ಲಿ ಮುಗ್ಗರಿಸುವುದರಿಂದ ಹಿಡಿದು ಪಿಸ್ಟನ್ನಿನ ತಲೆ ಕರಗಿ ತೂತು ಬೀಳುವವರೆಗೆ ಹಾನಿಯುಂಟಾಗಬಹುದು. ಟರ್ಬೊಚಾರ್ಜರ್ ಅಳವಡಿಸಿದ ಎಂಜಿನ್ನುಗಳಲ್ಲಂತೂ ಈ ಅಪಾಯವು ಇನ್ನೂ ಹೆಚ್ಚು.

ಇಂದು ಟರ್ಬೊ ಕಾರುಗಳು ಸಾಮಾನ್ಯ ಗೃಹಸ್ಥರ ಮನೆಯಂಗಳಕ್ಕೂ ಬಂದಿವೆ. ಹಳೆಯ ಪ್ಲಗ್ಗು ಸವೆದಾಗ ಹೊಸದನ್ನು ಹೇಗೆ ಆರಿಸಬೇಕು? ಅಂಗಡಿಯವರು ಒಂದು ಹೇಳುವರು, ಮಿತ್ರರು ಇನ್ನೊಂದು ಹೇಳುವರು. ವಿದ್ಯಾರ್ಥಿಗಳಾದ ನಮಗೆ ಇವರಿಬ್ಬರಿಗಿಂತ ಒಳ್ಳೆಯ ಮಾರ್ಗದರ್ಶಿಯೊಂದಿದೆ: ತರಗತಿಯಲ್ಲಿ ಕಲಿತ ಭೌತಶಾಸ್ತ್ರ. ಅನಿಲಗಳ ಸಂಪೀಡನ, ಅನಿಲದಲ್ಲಿ ವಿದ್ಯುತ್ತಿನ ಹರಿವು, ಶಾಖದ ವಹನ ಈ ಮೂರು ಪಾಠಗಳು ತಿಳಿದಿದ್ದರೆ ಪ್ಲಗ್ಗನ್ನು ಆರಿಸುವ ಸೂತ್ರಗಳೆಲ್ಲ ತಾವಾಗಿಯೇ ದೊರೆಯುತ್ತವೆ. ಅದನ್ನು ಈ ಲೇಖನದಲ್ಲಿ ಹಂತಹಂತವಾಗಿ ವಿಚಾರಿಸೋಣ.

ಟರ್ಬೊ ಮಾಡುವ ಕೆಲಸ

ಎಂಜಿನ್ನಿನ ಉಸಿರಾಟ ಹೇಗೆಂಬುದು ವಾಚಕರಿಗೆ ತಿಳಿದೇ ಇದೆ. ಪಿಸ್ಟನ್ನು ಕೆಳಗಿಳಿದಾಗ ಸಿಲಿಂಡರಿನೊಳಕ್ಕೆ ಗಾಳಿ ಬರುತ್ತದೆ. ಮೇಲೇರಿದಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಒತ್ತಲ್ಪಡುತ್ತದೆ. ಆಗ ಪ್ಲಗ್ಗಿನಲ್ಲಿ ಕಿಡಿ ಹಾರಿ ಮಿಶ್ರಣವು ಉರಿಯುತ್ತದೆ. ಉರಿದ ಅನಿಲವು ಪಿಸ್ಟನ್ನನ್ನು ನೂಕಿ, ಕೊನೆಗೆ ಹೊರಹೋಗುತ್ತದೆ. ಹೊರಹೋಗುವ ಈ ಅನಿಲದಲ್ಲಿ ಬಹಳಷ್ಟು ಶಕ್ತಿಯು ಇನ್ನೂ ಉಳಿದಿರುತ್ತದೆ. ಅದನ್ನು ಒಂದು ಸಣ್ಣ ಟರ್ಬೈನಿನ ಮೇಲೆ ಹಾಯಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಅದುಮಿ ಸಿಲಿಂಡರಿಗೆ ತುಂಬುವುದೇ ಟರ್ಬೊಚಾರ್ಜರಿನ ಕೆಲಸ. ಸ್ವಿಟ್ಸರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯುಕಿಯು ಈ ಉಪಾಯಕ್ಕೆ ೧೯೦೫ರಲ್ಲಿಯೇ ಪೇಟೆಂಟು ಪಡೆದಿದ್ದನು. ಸಾಮಾನ್ಯ ಕಾರುಗಳಲ್ಲಿ ಅದು ಮೊದಲು ಕಾಣಿಸಿಕೊಂಡದ್ದು ೧೯೬೨ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಮತ್ತು ಷೆವರ್ಲೆ ಕಾರುಗಳಲ್ಲಿ.

ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಪೆಟ್ರೋಲನ್ನು ಉರಿಸಬಹುದು. ಹೆಚ್ಚು ಉರಿಸಿದರೆ ಹೆಚ್ಚು ಬಲ ದೊರೆಯುತ್ತದೆ. ಎಷ್ಟು ಹೆಚ್ಚು? ನಮ್ಮ ದೇಶದ ಒಂದು ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ೨೦೨೩ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಸುಜುಕಿ ಫ್ರಾಂಕ್ಸ್ ಎಂಬ ಕಾರನ್ನು ಎರಡು ಬಗೆಯ ಎಂಜಿನ್ನುಗಳೊಡನೆ ಮಾರಾಟಕ್ಕೆ ತಂದರು. ಒಂದು ಟರ್ಬೊ ಇಲ್ಲದ, ನಾಲ್ಕು ಸಿಲಿಂಡರುಗಳ, ೧೧೯೭ ಘನ ಸೆಂಟಿಮೀಟರಿನ ಎಂಜಿನ್ನು; ಅದರ ಗರಿಷ್ಠ ಟಾರ್ಕು, ಎಂದರೆ ಅಚ್ಚನ್ನು ತಿರುಗಿಸುವ ಸಾಮರ್ಥ್ಯ, ೧೧೩ ನ್ಯೂಟನ್-ಮೀಟರ್. ಇನ್ನೊಂದು ಟರ್ಬೊ ಇರುವ, ಮೂರು ಸಿಲಿಂಡರುಗಳ, ೯೯೮ ಘನ ಸೆಂಟಿಮೀಟರಿನ ಎಂಜಿನ್ನು. ಅದರ ಟಾರ್ಕು ೧೪೭.೬ ನ್ಯೂಟನ್-ಮೀಟರ್. ಪ್ರತಿ ಲೀಟರು ಗಾತ್ರಕ್ಕೆ ಭಾಗಿಸಿ ನೋಡಿದರೆ ಮೊದಲನೆಯದಕ್ಕೆ ಸುಮಾರು ೯೪, ಎರಡನೆಯದಕ್ಕೆ ಸುಮಾರು ೧೪೮ ಬರುತ್ತದೆ. ಟರ್ಬೊ ಎಂಜಿನ್ನು ಪ್ರತಿ ಉಸಿರಿಗೂ ಸುಮಾರು ಒಂದೂವರೆ ಪಟ್ಟು ಗಾಳಿಯನ್ನು ಸೇವಿಸುತ್ತಿದೆ ಎಂದು ಇದರಿಂದ ಸ್ಥೂಲವಾಗಿ ಊಹಿಸಬಹುದು.

ಈ ಒಂದೂವರೆ ಪಟ್ಟು ಎಂಬುದನ್ನು ನೆನಪಿನಲ್ಲಿಡೋಣ. ಪ್ಲಗ್ಗಿನ ಕಷ್ಟಗಳಿಗೆಲ್ಲ ಅದೇ ಮೂಲ.

ಕಿಡಿಯು ಹಾರುವುದು ಹೇಗೆ?

ಗಾಳಿಯು ವಿದ್ಯುತ್ತಿಗೆ ಒಳ್ಳೆಯ ಅವಾಹಕ. ಆದರೆ ಅದರಲ್ಲಿ ಯಾವಾಗಲೂ ಕೆಲವು ಸ್ವತಂತ್ರ ಎಲೆಕ್ಟ್ರಾನುಗಳು ಇದ್ದೇ ಇರುತ್ತವೆ. ಎರಡು ವಿದ್ಯುದ್ವಾರಗಳ ನಡುವೆ ವೋಲ್ಟೇಜನ್ನು ಏರಿಸುತ್ತ ಹೋದರೆ ಈ ಎಲೆಕ್ಟ್ರಾನುಗಳು ವೇಗವಾಗಿ ಓಡತೊಡಗುತ್ತವೆ. ಓಡುವ ದಾರಿಯಲ್ಲಿ ಅಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಡಿಕ್ಕಿಯು ಸಾಕಷ್ಟು ಬಲವಾಗಿದ್ದರೆ ಅಣುವಿನಿಂದ ಇನ್ನೊಂದು ಎಲೆಕ್ಟ್ರಾನು ಸಿಡಿಯುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಕ್ಷಣಮಾತ್ರದಲ್ಲಿ ಪ್ರವಾಹವೇ ಹರಿಯುತ್ತದೆ. ಇದೇ ಕಿಡಿ.

ಗಾಳಿಯು ದಟ್ಟವಾಗಿದ್ದರೆ ಏನಾಗುತ್ತದೆ? ಸಂತೆಯ ಜನಜಂಗುಳಿಯಲ್ಲಿ ಓಡಲೆತ್ತಿಸಿದವನಂತೆ ಎಲೆಕ್ಟ್ರಾನು ವೇಗವನ್ನು ಗಳಿಸುವ ಮೊದಲೇ ಯಾವುದಾದರೊಂದು ಅಣುವಿಗೆ ತಾಗಿ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ದಟ್ಟವಾದ ಗಾಳಿಯಲ್ಲಿ ಕಿಡಿ ಹಾರಿಸಲು ಹೆಚ್ಚಿನ ವೋಲ್ಟೇಜು ಬೇಕು. ಜರ್ಮನಿಯ ಫ್ರೀಡ್ರಿಖ್ ಪಾಶೆನ್ ಎಂಬ ವಿಜ್ಞಾನಿಯು ೧೮೮೯ರಲ್ಲಿ ಇದನ್ನು ಒಂದು ನಿಯಮವಾಗಿ ನಿರೂಪಿಸಿದನು. ಕಿಡಿಗೆ ಬೇಕಾದ ವೋಲ್ಟೇಜು ಅನಿಲದ ಒತ್ತಡವನ್ನೂ ತೆರಪನ್ನೂ ಬೇರೆಬೇರೆಯಾಗಿ ಅವಲಂಬಿಸದೆ, ಅವೆರಡರ ಗುಣಲಬ್ಧವನ್ನು ಅವಲಂಬಿಸುತ್ತದೆ ಎಂಬುದೇ ಆ ನಿಯಮ.

ಇಲ್ಲಿ ಒಂದು ಸೂಕ್ಷ್ಮವುಂಟು. ಪಾಶೆನ್ನನ ಪ್ರಯೋಗಗಳಲ್ಲಿ ಉಷ್ಣತೆಯು ಬದಲಾಗುತ್ತಿರಲಿಲ್ಲವಾದುದರಿಂದ ಒತ್ತಡವೆಂದರೂ ಸಾಂದ್ರತೆಯೆಂದರೂ ಒಂದೇ ಆಗಿತ್ತು. ಎಂಜಿನ್ನಿನಲ್ಲಿ ಹಾಗಲ್ಲ. ಸಿಲಿಂಡರಿನ ಅನಿಲವನ್ನು ಏಳರಲ್ಲೊಂದು ಪಾಲಿಗೆ ಥಟ್ಟನೆ ಅದುಮಿದರೆ ಅದು ಕಾಯುತ್ತದೆ. ಶಾಖವು ಹೊರಹೋಗಲಿಲ್ಲವೆಂದು ಭಾವಿಸಿದರೆ ಒತ್ತಡವು ಏಳರ ೧.೪ನೆಯ ಘಾತ, ಎಂದರೆ ಸುಮಾರು ೧೫ ಪಟ್ಟಾಗುತ್ತದೆ. ಆದರೆ ಅಣುಗಳ ದಟ್ಟಣೆಯು ಏಳು ಪಟ್ಟು ಮಾತ್ರ. ಎಲೆಕ್ಟ್ರಾನಿಗೆ ಅಡ್ಡಬರುವುದು ಅಣುಗಳ ದಟ್ಟಣೆಯೇ ಆದುದರಿಂದ ನಾವು ಲೆಕ್ಕ ಮಾಡುವಾಗ ೧೫ನ್ನು ಬಿಟ್ಟು ೭ನ್ನು ಹಿಡಿಯಬೇಕು.

ಈಗ ಲೆಕ್ಕ ಮಾಡೋಣ. ಸಾಮಾನ್ಯ ಗಾಳಿಯಲ್ಲಿ ಒಂದು ಮಿಲಿಮೀಟರು ತೆರಪಿಗೆ ಸ್ಥೂಲವಾಗಿ ೩೦೦೦ ವೋಲ್ಟು ಬೇಕೆಂದು ಇಟ್ಟುಕೊಳ್ಳೋಣ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಕಿಡಿ ಹಾರುವ ಹೊತ್ತಿಗೆ ಸಾಂದ್ರತೆಯು ಏಳು ಪಟ್ಟಾಗಿದ್ದು, ತೆರಪು ೧ ಮಿ.ಮೀ. ಇದ್ದರೆ ಬೇಕಾಗುವುದು ೨೧,೦೦೦ ವೋಲ್ಟು. ಟರ್ಬೊ ಎಂಜಿನ್ನಿನಲ್ಲಿ ಒಂದೂವರೆ ಪಟ್ಟು ಗಾಳಿ ತುಂಬಿರುವುದರಿಂದ ಸಾಂದ್ರತೆಯು ಹತ್ತೂವರೆ ಪಟ್ಟು; ಅದೇ ತೆರಪಿಗೆ ೩೧,೫೦೦ ವೋಲ್ಟು ಬೇಕು. ನಿಜವಾದ ಎಂಜಿನ್ನಿನಲ್ಲಿ ವಿದ್ಯುದ್ವಾರದ ಆಕಾರ, ಅದರ ಬಿಸಿ, ಮಿಶ್ರಣದ ಹದ ಮುಂತಾದವುಗಳಿಂದ ಈ ಅಂಕಿಗಳು ಹೆಚ್ಚುಕಡಿಮೆಯಾಗುತ್ತವೆ; ಆದರೆ ಎರಡರ ನಡುವಣ ಪ್ರಮಾಣವು ಬಹುಮಟ್ಟಿಗೆ ಹೀಗೆಯೇ ಇರುತ್ತದೆ.

ಬ್ಯಾಟರಿಯ ೧೨ ವೋಲ್ಟನ್ನು ಇಷ್ಟು ಎತ್ತರಕ್ಕೆ ಏರಿಸುವುದು ಇಗ್ನಿಷನ್ ಕಾಯಿಲು. ಅದಕ್ಕೂ ಒಂದು ಮಿತಿಯುಂಟು. ಬೇಡಿಕೆಯು ಆ ಮಿತಿಯನ್ನು ಮೀರಿದರೆ ಕಿಡಿಯೇ ಹಾರದು. ಅಥವಾ ವಿದ್ಯುತ್ತು ಪಿಂಗಾಣಿಯ ಹೊರಮೈಯ ಮೇಲೆ ಅಡ್ಡದಾರಿ ಹಿಡಿದು ಹರಿದೀತು. ಉರಿಯದ ಪೆಟ್ರೋಲು ಹೊರಹೋಗಿ ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಆ ದುಬಾರಿ ವಸ್ತುವನ್ನೂ ಕೆಡಿಸುತ್ತದೆ.

ತೆರಪು ಎಷ್ಟಿರಬೇಕು?

ಪಾಶೆನ್ನನ ನಿಯಮವೇ ಪರಿಹಾರವನ್ನೂ ಹೇಳುತ್ತದೆ. ಸಾಂದ್ರತೆಯು ಹೆಚ್ಚಾದಷ್ಟು ತೆರಪನ್ನು ಕಡಿಮೆ ಮಾಡಿದರೆ ಗುಣಲಬ್ಧವು ಮೊದಲಿನಂತೆಯೇ ಉಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ೧ ಮಿ.ಮೀ. ಬದಲು ೦.೭ ಮಿ.ಮೀ. ತೆರಪನ್ನಿಟ್ಟರೆ ಸುಮಾರು ೨೨,೦೦೦ ವೋಲ್ಟು ಸಾಕು. ಟರ್ಬೊ ಇಲ್ಲದ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ೦.೮ರಿಂದ ೧.೧ ಮಿ.ಮೀ. ತೆರಪೂ ಟರ್ಬೊ ಎಂಜಿನ್ನುಗಳಲ್ಲಿ ೦.೬ರಿಂದ ೦.೮ ಮಿ.ಮೀ. ತೆರಪೂ ಇರುವುದಕ್ಕೆ ಇದೇ ಕಾರಣ.

ಹಾಗಾದರೆ ತೆರಪನ್ನು ೦.೩ ಮಿ.ಮೀ.ಗೆ ಇಳಿಸಿಬಿಟ್ಟರೆ ಇನ್ನೂ ಒಳ್ಳೆಯದಲ್ಲವೆ? ಅಲ್ಲ. ಕಿಡಿಯಿಂದ ಮೊದಲು ಹುಟ್ಟುವುದು ಸಾಸಿವೆ ಕಾಳಿನಷ್ಟು ಜ್ವಾಲೆ. ತೆರಪು ತೀರ ಕಿರಿದಾದರೆ ಈ ಎಳೆಯ ಜ್ವಾಲೆಯ ಶಾಖವನ್ನು ಎರಡು ಕಡೆಯ ಲೋಹಗಳೂ ಹೀರಿಕೊಂಡು ಅದು ಬೆಳೆಯುವ ಮೊದಲೇ ನಂದಿಹೋಗುತ್ತದೆ. ಗಾಡಿಯು ನಿಂತಲ್ಲೇ ಮೆಲ್ಲಗೆ ಓಡುತ್ತಿರುವಾಗ, ಎಂದರೆ ಮಿಶ್ರಣವು ವಿರಳವಾಗಿರುವಾಗ, ಇದು ವಿಶೇಷವಾಗಿ ತೊಂದರೆ ಕೊಡುತ್ತದೆ. ಆದುದರಿಂದ ತೆರಪಿಗೆ ಮೇಲೊಂದು ಕೆಳಗೊಂದು ಎಲ್ಲೆಯುಂಟು. ತಯಾರಕರು ಸೂಚಿಸುವ ಅಂಕಿಯು ಈ ಎರಡೆಲ್ಲೆಗಳ ನಡುವಣ ಹದವಾದ ಸ್ಥಾನ.

ಬಿಸಿ ಪ್ಲಗ್ಗು, ತಂಪು ಪ್ಲಗ್ಗು

ಎರಡನೆಯ ಪ್ರಶ್ನೆ ಶಾಖದ್ದು. ಒಂದೂವರೆ ಪಟ್ಟು ಮಿಶ್ರಣವು ಉರಿದರೆ ಪ್ಲಗ್ಗಿನ ಮೂತಿಗೆ ತಗಲುವ ಶಾಖವೂ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. ಪ್ಲಗ್ಗಿನ ಮೂತಿಯ ಉಷ್ಣತೆಗೂ ಎರಡು ಎಲ್ಲೆಗಳಿವೆ. ಸುಮಾರು ೪೫೦ರಿಂದ ೫೦೦ ಡಿಗ್ರಿ ಸೆಂಟಿಗ್ರೇಡಿಗಿಂತ ಕಡಿಮೆಯಾದರೆ ಪಿಂಗಾಣಿಯ ಮೇಲೆ ಕೂತ ಮಸಿಯು ಉರಿದುಹೋಗದೆ ಉಳಿಯುತ್ತದೆ. ಮಸಿಯೆಂದರೆ ಇಂಗಾಲ, ವಿದ್ಯುತ್ತಿನ ವಾಹಕ. ಅದರ ಮೂಲಕ ವಿದ್ಯುತ್ತು ಸೋರಿ ಕಿಡಿಯು ಕ್ಷೀಣಿಸುತ್ತದೆ. ಸುಮಾರು ೮೫೦ ಡಿಗ್ರಿಯನ್ನು ಮೀರಿ ಹೋದರೆ ಮೂತಿಯೇ ಕೆಂಡವಾಗಿ, ಕಿಡಿ ಹಾರುವ ಮೊದಲೇ ಮಿಶ್ರಣಕ್ಕೆ ಬೆಂಕಿ ಹೊತ್ತಿಸುವ ಅಪಾಯವು ತಲೆದೋರುತ್ತದೆ. ಈ ಅಕಾಲ ಜ್ವಲನದಲ್ಲಿ ಪಿಸ್ಟನ್ನು ಇನ್ನೂ ಮೇಲೇರುತ್ತಿರುವಾಗಲೇ ಉರಿದ ಅನಿಲವು ಅದನ್ನು ಕೆಳಕ್ಕೆ ನೂಕುತ್ತದೆ. ಪಿಸ್ಟನ್ನು ಕರಗಿ ತೂತಾಗುವ ಅನಾಹುತಗಳಿಗೆ ಇದೊಂದು ಮುಖ್ಯ ಕಾರಣ.

ಮೂತಿಯ ಶಾಖದ ಬಹುಪಾಲು ಪಿಂಗಾಣಿಯ ಮೂಲಕ ಹಾದು, ಲೋಹದ ಕವಚಕ್ಕೆ ಇಳಿದು, ತಿರುಪಿನ ಸುತ್ತುಗಳ ಮೂಲಕ ಎಂಜಿನ್ನಿನ ತಲೆಗೆ ಹೋಗುತ್ತದೆ. ಪಿಂಗಾಣಿಯ ಮೂತಿಯು ಉದ್ದವಾಗಿದ್ದರೆ ಶಾಖವು ಸಾಗಬೇಕಾದ ದಾರಿಯೂ ಉದ್ದ. ಮೂತಿಯು ಬಿಸಿಯಾಗಿಯೇ ಉಳಿಯುತ್ತದೆ. ಇದು ಬಿಸಿ ಪ್ಲಗ್ಗು. ಮೂತಿಯು ಗಿಡ್ಡವಾಗಿದ್ದರೆ ಶಾಖವು ಬೇಗ ಹೊರಹೋಗುತ್ತದೆ. ಇದು ತಂಪು ಪ್ಲಗ್ಗು. ಬಿಸಿ ಪ್ಲಗ್ಗಿನ ಕಿಡಿಯು ಹೆಚ್ಚು ಬಿಸಿಯೆಂದು ಅನೇಕರು ತಿಳಿದಿರುವರು, ಅದು ಸರಿಯಲ್ಲ. ಈ ಹೆಸರುಗಳಿಗೂ ಕಿಡಿಗೂ ಸಂಬಂಧವಿಲ್ಲ. ಇವು ಶಾಖವು ಹರಿದುಹೋಗುವ ದಾರಿಯನ್ನು ಮಾತ್ರ ಸೂಚಿಸುತ್ತವೆ.

ಟರ್ಬೊ ಎಂಜಿನ್ನಿಗೆ ತಂಪು ಪ್ಲಗ್ಗು ಬೇಕೆಂಬ ಮಾತು ಇಲ್ಲಿಂದ ಹುಟ್ಟಿದೆ. ಮಾತು ನಿಜ, ಆದರೆ ಅದನ್ನು ಅರೆಬರೆಯಾಗಿ ಕೇಳಿ ಮೋಸಹೋಗುವವರಿದ್ದಾರೆ. ಕಾರ್ಖಾನೆಯಿಂದಲೇ ಟರ್ಬೊ ಅಳವಡಿಸಿಕೊಂಡು ಬಂದ ಕಾರಿಗೆ ಸೂಚಿಸಿದ ಪ್ಲಗ್ಗು ಆಗಲೇ ಆ ಶಾಖಕ್ಕೆ ತಕ್ಕಂತೆ ಆರಿಸಿದುದು. ಅದಕ್ಕಿಂತಲೂ ತಂಪಾದ ಪ್ಲಗ್ಗನ್ನು ಹಾಕಿದರೆ ಊರೊಳಗಿನ ನಿಧಾನವಾದ ಓಡಾಟದಲ್ಲಿ ಮೂತಿಯು ಸಾಕಷ್ಟು ಕಾಯದೆ ಮಸಿ ಕಟ್ಟುತ್ತದೆ. ಟರ್ಬೊವಿನ ಒತ್ತಡವನ್ನು ಮೂಲಕ್ಕಿಂತ ಏರಿಸಿ ಮಾರ್ಪಡಿಸಿದ ಎಂಜಿನ್ನುಗಳಿಗೆ ಮಾತ್ರ, ಮಾರ್ಪಡಿಸಿದವರ ಸಲಹೆಯಂತೆ, ಒಂದು ಮೆಟ್ಟಿಲು ತಂಪಾದ ಪ್ಲಗ್ಗು ಬೇಕಾಗಬಹುದು.

ಇನ್ನೊಂದು ಎಚ್ಚರಿಕೆ: ಶಾಖಶ್ರೇಣಿಯ ಅಂಕಿಗಳನ್ನು ಎಲ್ಲ ತಯಾರಕರೂ ಒಂದೇ ದಿಕ್ಕಿನಲ್ಲಿ ಎಣಿಸುವುದಿಲ್ಲ. ಎನ್.ಜಿ.ಕೆ. ಮತ್ತು ಡೆನ್ಸೊ ಪ್ಲಗ್ಗುಗಳಲ್ಲಿ ಅಂಕಿ ದೊಡ್ಡದಾದಷ್ಟು ಪ್ಲಗ್ಗು ತಂಪು. ಬಾಷ್ ಮತ್ತು ಚಾಂಪಿಯನ್ ಪ್ಲಗ್ಗುಗಳಲ್ಲಿ ಅಂಕಿ ದೊಡ್ಡದಾದಷ್ಟು ಪ್ಲಗ್ಗು ಬಿಸಿ. ಒಬ್ಬರ ೭ನ್ನು ತೆಗೆದು ಇನ್ನೊಬ್ಬರ ೭ನ್ನು ಹಾಕುವುದು ಎಂಥ ಪ್ರಮಾದವೆಂಬುದನ್ನು ವಾಚಕರೇ ಊಹಿಸಬಹುದು.

ಯಾವ ಲೋಹ?

ಗಾಡಿಯು ಗಂಟೆಗೆ ಸರಾಸರಿ ೫೦ ಕಿಲೋಮೀಟರಿನಂತೆ ೩೦,೦೦೦ ಕಿಲೋಮೀಟರು ಓಡಲು ೬೦೦ ಗಂಟೆ ಬೇಕು. ಎಂಜಿನ್ನು ನಿಮಿಷಕ್ಕೆ ೨೦೦೦ ಸುತ್ತು ಸುತ್ತುತ್ತಿದ್ದರೆ, ಎರಡು ಸುತ್ತಿಗೊಂದರಂತೆ ಒಂದೊಂದು ಪ್ಲಗ್ಗಿನಲ್ಲಿಯೂ ನಿಮಿಷಕ್ಕೆ ೧೦೦೦ ಕಿಡಿ. ಒಟ್ಟು ೩ ಕೋಟಿ ೬೦ ಲಕ್ಷ ಕಿಡಿಗಳು! ಪ್ರತಿಯೊಂದು ಕಿಡಿಯೂ ಲೋಹದ ಕಿಂಚಿತ್ ಭಾಗವನ್ನು ಕೊಂಡೊಯ್ಯುತ್ತದೆ. ತೆರಪು ಅಗಲವಾಗುತ್ತದೆ, ಚೂಪಾದ ಅಂಚುಗಳು ಮೊಂಡಾಗುತ್ತವೆ. ಮೊನಚಾದ ತುದಿಯಲ್ಲಿ ವಿದ್ಯುತ್ ಕ್ಷೇತ್ರವು ತೀವ್ರವಾಗಿರುತ್ತದೆಂಬುದನ್ನು ಸಿಡಿಲುಕಂಬದ ಪಾಠದಲ್ಲಿ ಓದಿದ್ದೇವೆ. ಹೀಗಾಗಿ ಮೊಂಡಾದ ತುದಿಗೆ ಇನ್ನೂ ಹೆಚ್ಚು ವೋಲ್ಟೇಜು ಬೇಕು.

ಇದರ ಪರಿಣಾಮವನ್ನು ಹಿಂದಿನ ಲೆಕ್ಕದಿಂದಲೇ ತಿಳಿಯಬಹುದು. ೦.೮ ಮಿ.ಮೀ. ತೆರಪಿನ ಪ್ಲಗ್ಗು ಸವೆದು ೧.೧ ಮಿ.ಮೀ. ಆಗಿದೆ ಎನ್ನೋಣ, ಕಾಯಿಲು ೩೦,೦೦೦ ವೋಲ್ಟು ಕೊಡಬಲ್ಲದು. ಗಾಡಿಯು ನಿಂತಲ್ಲೇ ಓಡುತ್ತಿರುವಾಗ ಸಿಲಿಂಡರಿಗೆ ಬರುವ ಗಾಳಿಯು ವಾತಾವರಣದ ಮೂರರಲ್ಲೊಂದು ಪಾಲಿನಷ್ಟೇ ದಟ್ಟ. ಆಗ ಬೇಕಾದದ್ದು ಎಂಟು ಸಾವಿರ ವೋಲ್ಟಿಗಿಂತ ಕಡಿಮೆ. ಘಟ್ಟವೇರುವಾಗ ಟರ್ಬೊ ಪೂರ್ಣವಾಗಿ ತುಂಬಿದರೆ ೩೪,೬೫೦ ವೋಲ್ಟು ಬೇಕು. ಪೇಟೆಯಲ್ಲಿ ಏನೂ ತೋರದ ದೋಷವು ಏರಿನಲ್ಲಿ, ಅದರಲ್ಲಿಯೂ ಬಲ ಬೇಕಾದ ಹೊತ್ತಿನಲ್ಲಿಯೇ, ಮುಗ್ಗರಿಕೆಯಾಗಿ ಪ್ರಕಟವಾಗುವುದು ಇದರಿಂದಲೇ. ಎದುರಿನ ಲಾರಿಯನ್ನು ದಾಟಲು ಹೊರಟಾಗ ಹೀಗಾದರೆ ಅದು ಪ್ರಾಣಕ್ಕೇ ಸಂಚಕಾರ.

ಸವೆತವನ್ನು ತಡೆಯಲು ಗಟ್ಟಿಯಾದ, ಸುಲಭವಾಗಿ ಕರಗದ ಲೋಹಗಳನ್ನು ಬಳಸುತ್ತಾರೆ. ನಿಕ್ಕಲು ೧೪೫೫ ಡಿಗ್ರಿಯಲ್ಲಿ, ಪ್ಲಾಟಿನಮ್ ೧೭೬೮ ಡಿಗ್ರಿಯಲ್ಲಿ, ಇರಿಡಿಯಮ್ ಸುಮಾರು ೨೪೪೬ ಡಿಗ್ರಿಯಲ್ಲಿ ಕರಗುತ್ತವೆ. ನಿಕ್ಕಲಿನ ಮಿಶ್ರಲೋಹದ ವಿದ್ಯುದ್ವಾರವು ಬಾಳಬೇಕಾದರೆ ಸುಮಾರು ಎರಡೂವರೆ ಮಿಲಿಮೀಟರು ದಪ್ಪವಿರಬೇಕು, ಇರಿಡಿಯಮ್ಮಿನದನ್ನು ೦.೪ರಿಂದ ೦.೬ ಮಿ.ಮೀ.ನಷ್ಟು ಸಪೂರವಾಗಿ ಮಾಡಬಹುದು. ತುದಿಯು ಸಪೂರವಾದುದರಿಂದ ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ; ಎಳೆಯ ಜ್ವಾಲೆಯ ಶಾಖವನ್ನು ಹೀರುವ ಲೋಹವೂ ಕಡಿಮೆ. ಟರ್ಬೊ ಎಂಜಿನ್ನಿಗೆ ಈ ಎರಡು ಗುಣಗಳೂ ಬೇಕಾದುವೇ.

ತಾಮ್ರದ ಪ್ಲಗ್ಗು ಎಂದು ಅಂಗಡಿಗಳಲ್ಲಿ ಕರೆಯುವುದು ವಾಸ್ತವವಾಗಿ ನಿಕ್ಕಲಿನ ಪ್ಲಗ್ಗು. ತಾಮ್ರವಿರುವುದು ಅದರ ತಿರುಳಿನಲ್ಲಿ, ಶಾಖವನ್ನು ಸಾಗಿಸಲು. ಬೆಲೆಬಾಳುವ ಪ್ಲಗ್ಗುಗಳಲ್ಲಿಯೂ ಸಾಮಾನ್ಯವಾಗಿ ಈ ತಿರುಳು ಇರುತ್ತದೆ. ನಿಕ್ಕಲಿನ ಪ್ಲಗ್ಗು ಅಗ್ಗ, ಆದರೆ ಬೇಗ ಸವೆಯುತ್ತದೆ. ತಯಾರಕರು ಇರಿಡಿಯಮ್ಮನ್ನು ಸೂಚಿಸಿರುವಲ್ಲಿ ನಿಕ್ಕಲನ್ನು ಹಾಕಿ, ಇರಿಡಿಯಮ್ಮಿನ ಅವಧಿಯವರೆಗೂ ಓಡಿಸಿದರೆ ಮೇಲೆ ಹೇಳಿದ ಮುಗ್ಗರಿಕೆಯನ್ನು ಬೇಡಿ ತಂದುಕೊಂಡಂತೆ.

ಆರಿಸುವ ಕ್ರಮ

ಇಷ್ಟು ತಿಳಿದ ಮೇಲೆ ಆಯ್ಕೆಯ ಕ್ರಮವನ್ನು ಹೀಗೆ ಸಂಗ್ರಹಿಸಬಹುದು.

ಮೊದಲನೆಯದಾಗಿ, ಕಾರಿನ ಹೆಸರನ್ನಷ್ಟೇ ಹೇಳಿ ಪ್ಲಗ್ಗು ಕೊಳ್ಳಬಾರದು. ಒಂದೇ ಹೆಸರಿನ ಕಾರಿನಲ್ಲಿ ಎರಡು ಎಂಜಿನ್ನುಗಳಿರಬಹುದೆಂಬುದನ್ನು ಮೇಲೆ ನೋಡಿದೆವು. ಅಲ್ಲಿ ಪ್ಲಗ್ಗುಗಳ ಸಂಖ್ಯೆಯೇ ಬೇರೆ. ಎಂಜಿನ್ನಿನ ಬಗೆ, ಕಾರು ತಯಾರಾದ ವರ್ಷ ಇವನ್ನು ಗುರುತಿಸಿ, ಕಾರಿನೊಡನೆ ಕೊಟ್ಟ ಕೈಪಿಡಿಯಲ್ಲಿರುವ ಸಂಕೇತವನ್ನೇ ಅಕ್ಷರ ತಪ್ಪದೆ ಬರೆದುಕೊಳ್ಳಬೇಕು.

ಎರಡನೆಯದಾಗಿ, ಅಳತೆ. ತಿರುಪಿನ ವ್ಯಾಸವು ೧೪, ೧೨ ಅಥವಾ ೧೦ ಮಿ.ಮೀ. ಇರಬಹುದು. ತಿರುಪಿನ ಉದ್ದವು ಕಡಿಮೆಯಾದರೆ ಕಿಡಿಯು ಗುಳಿಯೊಳಗೇ ಉಳಿದೀತು. ಹೆಚ್ಚಾದರೆ ಪಿಸ್ಟನ್ನಿಗೆ ತಾಗೀತು. ಕೂರುವ ಅಂಚು ಚಪ್ಪಟೆಯೋ ಇಳಿಜಾರೋ ಎಂಬುದನ್ನೂ ನೋಡಬೇಕು.

ಮೂರನೆಯದಾಗಿ, ಒಳಗಿನ ರೋಧ. ೧೮೮೭ರಲ್ಲಿ ಹರ್ಟ್ಸ್ ಎಂಬ ವಿಜ್ಞಾನಿಯು ರೇಡಿಯೊ ಅಲೆಗಳನ್ನು ಹುಟ್ಟಿಸಿದ್ದು ಇಂಥ ಕಿಡಿಯಿಂದಲೇ. ಪ್ಲಗ್ಗಿನ ಕಿಡಿಯೂ ಅಲೆಗಳನ್ನು ಸೂಸಿ ಕಾರಿನ ಎಲೆಕ್ಟ್ರಾನಿಕ್ ಉಪಕರಣಗಳಿಗೆ ಅಡ್ಡಿಪಡಿಸಬಲ್ಲದು. ಅದನ್ನು ತಗ್ಗಿಸಲು ಪ್ಲಗ್ಗಿನೊಳಗೆ ಸುಮಾರು ೫೦೦೦ ಓಮುಗಳ ರೋಧವನ್ನಿಡುತ್ತಾರೆ. ರೋಧವಿರುವ ಪ್ಲಗ್ಗನ್ನು ಸೂಚಿಸಿದ್ದರೆ ಅಂಥದನ್ನೇ ಕೊಳ್ಳಬೇಕು.

ನಾಲ್ಕನೆಯದಾಗಿ, ಶಾಖಶ್ರೇಣಿ, ಲೋಹ ಮತ್ತು ತೆರಪು ಈ ಮೂರೂ ಸೂಚಿಸಿದಂತೆಯೇ ಇರಬೇಕು. ಹೆಸರಾಂತ ಗುರುತುಗಳ ನಕಲಿ ಪ್ಲಗ್ಗುಗಳೂ ಪೇಟೆಯಲ್ಲಿ ಸುಳಿಯುವುದರಿಂದ ನಂಬಿಕೆಯ ಅಂಗಡಿಯಲ್ಲಿ ರಸೀತಿ ಪಡೆದು ಕೊಳ್ಳುವುದು ಕ್ಷೇಮ.

ತೆಗೆಯುವಾಗ ಮತ್ತು ತೊಡಿಸುವಾಗ

ಎಂಜಿನ್ನು ಚೆನ್ನಾಗಿ ಆರಿದ ಮೇಲೆಯೇ ಕೆಲಸಕ್ಕೆ ಕೈಹಾಕಬೇಕು. ತೆಗೆದ ಹಳೆಯ ಪ್ಲಗ್ಗನ್ನು ಬಿಸಾಡುವ ಮೊದಲು ಅದರ ಮೂತಿಯನ್ನು ನೋಡಬೇಕು. ಅದು ಎಂಜಿನ್ನಿನ ನಾಲಗೆ. ತೆಳುವಾದ ಕಂದು ಬಣ್ಣವು ಆರೋಗ್ಯದ ಲಕ್ಷಣ. ಒಣಗಿದ ಕಪ್ಪು ಮಸಿಯು ಪೆಟ್ರೋಲು ಹೆಚ್ಚಾಗಿದೆಯೆಂದೋ ಪ್ಲಗ್ಗು ಅತಿ ತಂಪೆಂದೋ ಹೇಳುತ್ತದೆ. ಎಣ್ಣೆಯ ಜಿಡ್ಡು ಕಂಡರೆ ಸಿಲಿಂಡರಿನೊಳಕ್ಕೆ ಎಣ್ಣೆ ಬರುತ್ತಿದೆಯೆಂದು ತಿಳಿಯಬೇಕು. ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆಯೆದ್ದಿದ್ದರೆ ಅತಿಯಾಗಿ ಕಾದಿದೆಯೆಂದರ್ಥ. ಅಂಥಲ್ಲಿ ಹೊಸ ಪ್ಲಗ್ಗೊಂದರಿಂದಲೇ ರೋಗವು ವಾಸಿಯಾಗದು.

ಹೊಸ ಪ್ಲಗ್ಗಿನ ತೆರಪನ್ನು ತಂತಿಯ ಅಳತೆಗೋಲಿನಿಂದ ಮೃದುವಾಗಿ ಪರೀಕ್ಷಿಸಬೇಕು. ಸಪೂರವಾದ ಇರಿಡಿಯಮ್ ತುದಿಯನ್ನು ಒತ್ತಬಾರದು, ಅದು ಮುರಿದೀತು. ಕೈಯಿಂದ ಜಾರಿ ನೆಲಕ್ಕೆ ಬಿದ್ದ ಪ್ಲಗ್ಗಿನ ಪಿಂಗಾಣಿಯಲ್ಲಿ ಕಣ್ಣಿಗೆ ಕಾಣದ ಬಿರುಕಿರಬಹುದು. ಅದನ್ನು ಬಳಸದಿರುವುದೇ ಲೇಸು.

ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ, ಅನಂತರ ಸೂಚಿಸಿದ ಟಾರ್ಕಿಗೆ ಬಿಗಿಯಬೇಕು. ಅಲ್ಯೂಮಿನಿಯಮ್ ತಲೆಯ ಎಂಜಿನ್ನಿನಲ್ಲಿ ಚಪ್ಪಟೆ ಅಂಚಿನ ೧೪ ಮಿ.ಮೀ. ಪ್ಲಗ್ಗಿಗೆ ೨೫ರಿಂದ ೩೦ ನ್ಯೂಟನ್-ಮೀಟರ್, ೧೨ ಮಿ.ಮೀ. ಪ್ಲಗ್ಗಿಗೆ ೧೫ರಿಂದ ೨೦ ನ್ಯೂಟನ್-ಮೀಟರ್ ಸಾಮಾನ್ಯ. ಸಡಿಲವಾದರೆ ಶಾಖವು ಹರಿಯುವ ದಾರಿಯೇ ಕೆಟ್ಟು, ಸರಿಯಾದ ಪ್ಲಗ್ಗೂ ಅತಿಯಾಗಿ ಕಾಯುತ್ತದೆ. ಹೆಚ್ಚಾದರೆ ತಿರುಪು ಹರಿಯುತ್ತದೆ. ತಿರುಪಿಗೆ ಎಣ್ಣೆ ಅಥವಾ ಗ್ರೀಸು ಸವರುವ ವಾಡಿಕೆ ಕೆಲವೆಡೆ ಇದೆ. ಘರ್ಷಣೆಯು ಕಡಿಮೆಯಾದಾಗ ಅದೇ ಟಾರ್ಕಿಗೆ ಪ್ಲಗ್ಗು ಹೆಚ್ಚು ಬಿಗಿಯಾಗಿ ಎಳೆಯಲ್ಪಡುತ್ತದೆ. ಆದುದರಿಂದ ತಯಾರಕರು ಹೇಳದ ಹೊರತು ಹಾಗೆ ಸವರಬಾರದು.

ನಾವು ನೋಡಿದ ಪ್ರತಿಯೊಂದು ಸಂಗತಿಯಲ್ಲಿಯೂ ಎರಡು ಎಲ್ಲೆಗಳಿದ್ದುವು. ತೆರಪು ಹೆಚ್ಚಾದರೆ ಕಿಡಿ ಹಾರದು, ಕಡಿಮೆಯಾದರೆ ಜ್ವಾಲೆ ನಿಲ್ಲದು. ಮೂತಿ ಕಾದರೆ ಅಕಾಲ ಜ್ವಲನ, ತಣಿದರೆ ಮಸಿ. ಒಂದು ಗುಣವನ್ನು ಮಿತಿಮೀರಿ ಹೆಚ್ಚಿಸಿದುದೇ ಉತ್ತಮವೆಂಬ ಜಾಹೀರಾತಿನ ಮಾತನ್ನು ಅಳೆಯಲು ಇಷ್ಟು ತಿಳಿವಳಿಕೆ ಸಾಕು. ಮನೆಯಲ್ಲಿ ಟರ್ಬೊ ಕಾರಿದ್ದ ವಿದ್ಯಾರ್ಥಿಗಳು ಅದರ ಕೈಪಿಡಿಯನ್ನು ತೆರೆದು ಪ್ಲಗ್ಗಿನ ಸಂಕೇತ, ತೆರಪು, ಬದಲಾಯಿಸಬೇಕಾದ ಅವಧಿ ಈ ಮೂರನ್ನು ಕಂಡುಹಿಡಿದು ಬರೆದಿಟ್ಟುಕೊಳ್ಳಲಿ. ಮುಂದಿನ ಬಾರಿ ಗಾಡಿಯು ರಿಪೇರಿಗೆ ಹೋದಾಗ ಆ ಚೀಟಿಯು ಜೊತೆಯಲ್ಲಿರಲಿ.